ಪೆಟ್ಟಿಗೆಯಲ್ಲಿ ಹನ್ನೊಂದು ಬಾಯಿ

ನನ್ನ ಅಕ್ಕ ಗ್ಲಾದಿಸ್‌ಳ ಗಂಡ ಉಲ್ಬಿಯೊ ಮೊರೆಯ್ರಾ ಹಲ್ಲು ಕಟ್ಟುವವರು. ದಂತವೈದ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಪೋರ್ತೊವಿಯೆಹೊ ಪಟ್ಟಣದ ದಂತವೈದ್ಯರು ನಲವತ್ತು ವರ್ಷದಿಂದ ಅವರಿಗೆ ಇದನ್ನು ನೆನಪಿಸುತ್ತಲೇ ಇದ್ದಾರೆ. ಅದೇ ವೈದ್ಯರು ಹಿಂಬಾಗಿಲಿನಿಂದ ರೋಗಿಗಳ ಬಾಯಿಯ ಅಚ್ಚು ಕಳಿಸಿ ಇವರ ಕೈಯಲ್ಲೇ ಹಲ್ಲುಸೆಟ್ಟು ಮಾಡಿಸಿಕೊಳ್ಳುತ್ತಾರೆ, ಆ ಮಾತು ಬೇರೆ. ಅಂಗಡಿಗೆ ಬೋರ್ಡಿಲ್ಲ. ಬೇಕಾದವರು ನೀಲಿ ಬಾಗಿಲು ಎಲ್ಲಿ ಎಂದು ವಿಚಾರಿಸಿಕೊಂಡು ಬರುತ್ತಾರೆ.

ಭಾವನಿಗೆ ಜನರ ಹೆಸರು ನೆನಪಿರುವುದಿಲ್ಲ. ರಸ್ತೆಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ ಮೇಸ್ತ್ರಿ?" ಎಂದರೆ ಕಣ್ಣು ಪಿಳಿಪಿಳಿ ಬಿಡುತ್ತಾ ನಿಲ್ಲುತ್ತಾರೆ. ಆ ಮನುಷ್ಯ ಬಾಯಿಬಿಟ್ಟು ನಕ್ಕರೆ ಮಾತ್ರ ಎಲ್ಲ ಹೊರಬರುತ್ತದೆ. ಎಡದವಡೆ ಸ್ವಲ್ಪ ತಗ್ಗು, ಜೋಳದ ತೆನೆ ಕಡಿಯುವಾಗ ಒತ್ತುತ್ತಿತ್ತು, ಮಗಳ ಮದುವೆಗೆ ಮುಂಚೆ ಸರಿಮಾಡಿಕೊಟ್ಟದ್ದು. ಅವರ ಪ್ರಪಂಚದಲ್ಲಿ ಜನ ಇಲ್ಲ, ಬಾಯಿಗಳಿವೆ. "ಈ ಸಲ ಹನ್ನೊಂದು ಬಾಯಿ ಕಣೋ ನೆಪ್ತಲಿ," ಎನ್ನುತ್ತಾರೆ ನನಗೆ, ಹನ್ನೊಂದು ಕುರಿ ಅಂದಷ್ಟು ಸಲೀಸಾಗಿ.

ತಿಂಗಳಿಗೊಮ್ಮೆ ಹಳೆಯ ಬಿಳಿ ಕಾರು ಹತ್ತಿ ಕಡಲ ಕಡೆಯ ಹಳ್ಳಿಗಳಿಗೆ ಹೋಗುವುದು ಅವರ ಪದ್ಧತಿ. ಒಂದು ಸಲ ಅಚ್ಚು ತೆಗೆದುಕೊಂಡು ಬಂದರೆ ಮುಂದಿನ ಸಲ ಸೆಟ್ಟು ಕೊಟ್ಟು ಬರುತ್ತಾರೆ. ಹಳೆಯ ಸೆಟ್ಟು ಇದ್ದವರಿಂದ ಅದನ್ನೂ ಮಾದರಿಗೆಂದು ಇಸಿದುಕೊಂಡು ಬಂದುಬಿಡುತ್ತಾರೆ. ಹೊಸದು ಬರುವ ತನಕ ಆ ಮನುಷ್ಯ ಬೊಚ್ಚುಬಾಯಿ. "ಎರಡು ಸಲ ಬಾಯಿ ಬಿಡಿಸೋದಕ್ಕಿಂತ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿರೋದು ವಾಸಿ," ಎಂದು ಅದಕ್ಕೊಂದು ಸಮಜಾಯಿಷಿ.

ಸೆಟ್ಟುಗಳೆಲ್ಲ ಒಂದು ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ, ನೀರು ತುಂಬಿದ ಪುಟ್ಟ ಡಬ್ಬಿಗಳಲ್ಲಿ ಇರುತ್ತಿದ್ದವು. ಒಣಗಿದರೂ ಸೊಟ್ಟಗಾಗುತ್ತವೆ, ಬಿಸಿಲು ತಗುಲಿದರೂ ಸೊಟ್ಟಗಾಗುತ್ತವೆ ಎಂಬ ಜೀವಭಯ ಅವರಿಗೆ. ಹೋಟೆಲಿಗೆ ಹೋದರೂ ಪೆಟ್ಟಿಗೆ ಜೊತೆಗೆ. ಊಟದ ಮಧ್ಯೆ ಅದನ್ನು ತೆಗೆದು ಡಬ್ಬಿ ಎತ್ತಿ ಎತ್ತಿ ನೀರು ನೋಡುವವರು. ನಾನು ನೋಟರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅವರ ಜೊತೆ ಹೋಗುತ್ತಿದ್ದದ್ದು ಮೀನಿನ ಆಸೆಗೆ. ಮೀನಿನ ಎದುರು ಬೇರೆಯವರ ಹಲ್ಲು ಇಡಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ.

ಆ ಬುಧವಾರ ಸಂಜೆ ಕಡಲ ದಡದ ಸಾಲೈತೆ ಹಳ್ಳಿಯಿಂದ ಫೋನ್ ಬಂತು. ಅಲ್ಲಿಯ ಸೆನೆನ್ ಪಿಂಕಾಯ್ ಎಂಬ ದೋಣಿ ರಿಪೇರಿಯವರ ಹೆಂಡತಿ ಟಾರ್ಸಿಲಾ ಮಾತಾಡಿದರು.

"ಮೇಸ್ತ್ರಿ, ಇವರು ಬೆಳಿಗ್ಗೆ ಹೋಗಿಬಿಟ್ರು. ನಾಳೆ ನಾಲ್ಕಕ್ಕೆ ಮಣ್ಣು ಮಾಡ್ತೀವಿ. ಹಲ್ಲು ತಂದುಬಿಡಿ. ಈ ಮುಖದಲ್ಲಿ ಕಳಿಸೋಕೆ ನನ್ನ ಕೈಲಿ ಆಗಲ್ಲ."

ಸೆನೆನ್ ಅವರ ಹಳೆಯ ಸೆಟ್ಟನ್ನು ಭಾವ ತಂದು ನಲವತ್ತು ದಿನವಾಗಿತ್ತು. ಹಿಂದಿನ ಶನಿವಾರವೇ ಹೊಸದು ಕೊಡಲು ಹೋಗಬೇಕಾಗಿತ್ತು, ಭಾವ ಜ್ವರವೆಂದು ಮಲಗಿದ್ದರು. ಈಗ ಹಳೆಯದೂ ಹೊಸದೂ ಎರಡೂ ನಮ್ಮ ಬಳಿ, ಮನುಷ್ಯ ಅಲ್ಲಿ. "ತರ್ತೀನಮ್ಮಾ," ಎಂದರು ಭಾವ. ಫೋನ್ ಇಟ್ಟ ಮೇಲೂ ಇನ್ನೊಮ್ಮೆ "ತರ್ತೀನಿ" ಎಂದರು.

ಗುರುವಾರ ಹತ್ತೂವರೆಗೆ, ಉಳಿದ ಹಳ್ಳಿಗಳಿಗೆ ಕೊಡಬೇಕಿದ್ದ ಸೆಟ್ಟುಗಳನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೊರಟೆವು. ಹಿಪಿಹಾಪಾ ದಾಟಿ ಇಳಿಜಾರು ಮುಗಿದು ಕಡಲು ಕಾಣುವ ಹೊತ್ತಿಗೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ತಿರುವಿನಲ್ಲಿ ಮೆರ್ಸಿ ಅಕ್ಕನ ತಗಡಿನ ಹೋಟೆಲು.

"ಊಟ ಮಾಡ್ಕೊಂಡು ಹೋಗೋಣ ಭಾವ."

"ಸಾವಿನ ಮನೆಗೆ ಹೊರಟಿದ್ದೀವಿ ಕಣೋ."

"ಈಗಿನ್ನೂ ಹನ್ನೆರಡೂವರೆ. ಅಲ್ಲಿಗೆ ಅರ್ಧ ಗಂಟೆ ದಾರಿ. ಸೆನೆನ್ ಎಲ್ಲಿಗೂ ಓಡಿಹೋಗಲ್ಲ."

ಈ ಮಾತು ಆಡಿದವನು ನಾನೇ. ಭಾವ ಕಾರು ತಿರುಗಿಸಿದರು. ರಸ್ತೆಬದಿಯಲ್ಲಿ ಬಿಸಿಲಿತ್ತು. ಹಲ್ಲಿಗೆ ಬಿಸಿಲಾಗದೆಂದು ಅಡುಗೆಮನೆಯ ಹಿಂದೆ, ಬೂರುಗದ ಮರದ ನೆರಳಿಗೆ ಕೊಂಡೊಯ್ದು ನಿಲ್ಲಿಸಿದರು. ಪೆಟ್ಟಿಗೆ ಎತ್ತಿಕೊಳ್ಳಲು ಹಿಂದಿನ ಬಾಗಿಲು ತೆರೆದಾಗ ನಾನು ಅಡ್ಡ ನಿಂತೆ.

"ಇವತ್ತೊಂದು ದಿನ ಅದು ಕಾರಲ್ಲೇ ಇರಲಿ. ಸತ್ತವರ ಹಲ್ಲು ಎದುರಿಗಿಟ್ಕೊಂಡು ನನ್ನ ಗಂಟಲಲ್ಲಿ ಅನ್ನ ಇಳಿಯಲ್ಲ."

ಭಾವ ಒಂದು ಕ್ಷಣ ಯೋಚಿಸಿ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲೆ ಬಿಟ್ಟು, ಮಣ್ಣಿಗೆಂದು ತಂದಿದ್ದ ಕಪ್ಪು ಕೋಟನ್ನು ಅದರ ಮೇಲೆ ಹೊದಿಸಿದರು. ಒಳಗೆ ಕಾವೇರಬಾರದೆಂದು ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿಟ್ಟರು. ನಲವತ್ತು ವರ್ಷದಲ್ಲಿ ಕಲಿತ ಎಚ್ಚರಿಕೆಗಳನ್ನೆಲ್ಲ ಒಟ್ಟಿಗೆ ಪಾಲಿಸಿದಂತಾಯಿತು.

"ಏನ್ ಮೇಸ್ತ್ರಿ, ಇವತ್ತು ನಿಮ್ಮ ನೆಂಟರು ಊಟಕ್ಕೆ ಬಂದಿಲ್ವಾ?" ಎಂದರು ಮೆರ್ಸಿ ಅಕ್ಕ, ಪೆಟ್ಟಿಗೆಯಿಲ್ಲದ್ದು ನೋಡಿ.

"ಅವರಿಗೆ ಹಸಿವಿಲ್ವಂತೆ," ಎಂದೆ ನಾನು.

ಶೇಂಗಾ ಅರೆದು ಹಾಕಿದ ಮೀನಿನ ಸಾರು. ನಾನು ಎರಡು ಬಟ್ಟಲು ಕುಡಿದೆ. ಭಾವ ಅರ್ಧ ಬಿಟ್ಟು ಎದ್ದರು. ಇಪ್ಪತ್ತೈದು ನಿಮಿಷ ಆಗಿರಬಹುದು. ಹಿಂದೆ ಹೋಗಿ ನೋಡಿದರೆ ಕಾರಿನ ಹಿಂಬಾಗಿಲು ತೆರೆದಿತ್ತು. ಗಾಜಿನ ಸಂದಿನಲ್ಲಿ ಸೊಟ್ಟ ಮಾಡಿದ ತಂತಿಯೊಂದು ಇನ್ನೂ ನೇತಾಡುತ್ತಿತ್ತು. ಪೆಟ್ಟಿಗೆಯೂ ಇಲ್ಲ, ಕೋಟೂ ಇಲ್ಲ. ಅಚ್ಚಿಗೆ ಬಳಸುವ ಜಿಪ್ಸಂ ಪುಡಿಯ ಚೀಲ ಮಾತ್ರ ಇಟ್ಟಲ್ಲೇ ಕೂತಿತ್ತು.

ನಾನು ಕೂಗಾಡಿದೆ. ಮೆರ್ಸಿ ಅಕ್ಕ ಕೈಯೊರೆಸಿಕೊಳ್ಳುತ್ತಾ ಬಂದರು. ಮೋಟಾರ್ ಬೈಕಿನಲ್ಲಿ ಇಬ್ಬರು ಬಂದಿದ್ದರಂತೆ, ಪಾರ್ಸಲ್‌ಗೆ ಬಂದವರು ಅಂದುಕೊಂಡರಂತೆ. "ಯಾರ ಬೆವರಿನ ದುಡಿಮೆ ಯಾರ ಪಾಲಿಗೆ," ಎಂದು ಗೊಣಗಿದರು. ಭಾವ ಖಾಲಿ ಸೀಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಏನಾದರೂ ಅನ್ನಿಸುತ್ತಿತ್ತು. ಬೈಯಲಿಲ್ಲ, ನನಗೂ ಏನೂ ಅನ್ನಿಸಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಹಾಗೇ. ಒಳಗೆಲ್ಲ ಮರಗಟ್ಟಿಹೋಗಿತ್ತು.

"ಪೊಲೀಸರ ಹತ್ರ ಹೋಗೋಣ," ಎಂದೆ.

"ಏನಂತ ಬರೆಸ್ತೀಯ? ಹನ್ನೊಂದು ಜನರ ಬಾಯಿ ಹೋಯ್ತು ಅಂತಲಾ?"

ಅದು ತಮಾಷೆಗಲ್ಲ. ಸುಮ್ಮನೆ ಕೇಳಿದರು, ಅಷ್ಟೆ.

ಕಳ್ಳರು ಪೆಟ್ಟಿಗೆಯ ಬೀಗ ಒಡೆದು ನೋಡಿ ಬಿಸಾಡಿಯೇ ಹೋಗಿರುತ್ತಾರೆ ಎಂಬ ಆಸೆಯಿಂದ ದಾರಿಯುದ್ದಕ್ಕೂ ನಿಧಾನ ಹೋದೆವು. ನಾನು ಬಲಗಡೆಯ ಪೊದೆ ನೋಡುವುದು, ಅವರು ಎಡಗಡೆ. ಎರಡು ಕಿಲೋಮೀಟರು ಹೋದ ಮೇಲೆ ಮುಳ್ಳಿನ ಬುಡದಲ್ಲಿ ಡಬ್ಬಿಯೊಂದು ಹೊಳೆಯಿತು. ಭಾವ ಇಳಿದು ಹೋಗಿ ಮೊಣಕಾಲೂರಿ ಎತ್ತಿ ನೋಡಿದರು. ಕೆಳಗಿನ ಸೆಟ್ಟು. "ಇದು ಮಾಚಲಿಯಾದ ದರ್ಜಿಯವರದು," ಎಂದರು. ಬಾಯಿಯಿಂದಲೇ ಗುರುತು ಹಿಡಿದರು, ಹೆಸರು ಹೇಳಲಿಲ್ಲ. ಮುಕ್ಕಾಲು ಗಂಟೆ ಹುಡುಕಿದೆವು. ಬೇರೆ ಏನೂ ಸಿಗಲಿಲ್ಲ. ಸಿಕ್ಕ ಆ ಒಂದು ಸೆಟ್ಟನ್ನು ಭಾವ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

"ವಾಪಸ್ ಹೋಗೋಣ ಭಾವ. ಫೋನ್ ಮಾಡಿ ಹೇಳಿದ್ರಾಯ್ತು."

"ಇದನ್ನ ಫೋನಲ್ಲಿ ಹೇಳೋಕಾಗುತ್ತೇನೋ," ಎಂದು ಗೇರು ಹಾಕಿದರು.

ಸಾಲೈತೆ ತಲುಪಿದಾಗ ಎರಡೂಮುಕ್ಕಾಲು. ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಮ್ಮ ಕಾರು ಕಂಡದ್ದೇ ಜನ ಎದ್ದು ದಾರಿ ಬಿಟ್ಟರು. "ಬಂದ್ರು ಬಂದ್ರು, ಮೇಸ್ತ್ರಿ ಬಂದ್ರು," ಎಂದು ಯಾರೋ ಒಳಗೆ ಹೇಳಿದ್ದು ಕೇಳಿಸಿತು. ಅಂಥ ಸ್ವಾಗತ ಭಾವನಿಗೆ ಯಾವತ್ತೂ ಸಿಕ್ಕಿರಲಿಕ್ಕಿಲ್ಲ.

ಸೆನೆನ್ ನಡುಮನೆಯಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿದ್ದರು. ಮುಖದ ಮೇಲೊಂದು ಬಿಳಿ ಕರವಸ್ತ್ರ. ಟಾರ್ಸಿಲಾ ಪಕ್ಕದಲ್ಲಿ ನೆಟ್ಟಗೆ ಕೂತಿದ್ದರು. ಅತ್ತ ಗುರುತಿರಲಿಲ್ಲ. "ಎಲ್ಲರೂ ನಿಮಗೇ ಕಾಯ್ತಿದ್ದಾರೆ. ಮುಖ ಯಾರಿಗೂ ತೋರಿಸಿಲ್ಲ," ಎಂದರು.

ಟಾರ್ಸಿಲಾ ಒಬ್ಬರನ್ನು ಬಿಟ್ಟು ಭಾವ ಎಲ್ಲರನ್ನೂ ಹೊರಗೆ ಕಳಿಸಿದರು. ನಾನೂ ಹೊರಡಲಿದ್ದೆ, ತೋಳು ಹಿಡಿದು ನಿಲ್ಲಿಸಿದರು. ಆಮೇಲೆ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದರು. ಊಟಕ್ಕೆ ನಿಂತದ್ದನ್ನು ಹೇಳಿದರು, ನಿಲ್ಲಿಸಿದವನು ನಾನೆಂದು ಹೇಳಲಿಲ್ಲ.

ಟಾರ್ಸಿಲಾ ಭಾವನ ಮುಖ ನೋಡಿದರು.

"ನಿಮ್ಮ ಬಾಯಲ್ಲಿರೋದು ಯಾರದು?"

ಭಾವನಿಗೆ ತಕ್ಷಣ ತಿಳಿಯಲಿಲ್ಲ. ನನಗೆ ತಿಳಿಯಿತು. ಭಾವನ ಬಾಯಲ್ಲಿ ಸ್ವಂತ ಹಲ್ಲು ಒಂದೂ ಇಲ್ಲವೆಂಬುದು ನಮ್ಮ ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಹೆಂಗಸು ಅದನ್ನು ಹೇಗೆ ಕಂಡುಹಿಡಿದರೋ.

"ನಂದೇ. ನಾನೇ ಮಾಡ್ಕೊಂಡಿದ್ದು."

"ಒಂದು ಗಂಟೆ ಮಟ್ಟಿಗೆ ಕೊಡಿ ಮೇಸ್ತ್ರಿ."

"ಅವರಿಗೆ ಸರಿಹೋಗಲ್ಲಮ್ಮಾ. ಅವರ ವಸಡೇ ಬೇರೆ."

"ಅವರೇನು ಅಗಿಬೇಕಾ?" ಎಂದರು ಟಾರ್ಸಿಲಾ.

ಭಾವ ಹಿತ್ತಲಿಗೆ ಹೋಗಿ ಡ್ರಮ್ಮಿನ ನೀರಿನಲ್ಲಿ ತಮ್ಮ ಸೆಟ್ಟುಗಳನ್ನು ಸೋಪು ಹಚ್ಚಿ ತೊಳೆದು ತಂದರು. ಮೂವತ್ತು ವರ್ಷದಲ್ಲಿ ಅವರನ್ನು ಹಾಗೆ ನಾನು ನೋಡಿರಲಿಲ್ಲ. ಕೆನ್ನೆ ಒಳಗೆ ಸೇರಿ, ತುಟಿ ಮಡಚಿ, ಗಲ್ಲ ಮೂಗಿನ ಹತ್ತಿರ ಬಂದಿತ್ತು. ಕರವಸ್ತ್ರ ತೆಗೆದು ಕೆಲಸ ಶುರು ಮಾಡಿದರು. ಮೇಣ ಬೇಕಾಯಿತು. ದೇವರ ಮುಂದಿನ ಮೇಣದಬತ್ತಿಯಿಂದ ಸ್ವಲ್ಪ ಕೆತ್ತಿ, ಅಂಗೈಯಲ್ಲಿ ಮೆದುಮಾಡಿ ಸಂದು ತುಂಬಿದರು. ಇಪ್ಪತ್ತು ನಿಮಿಷ ಹಿಡಿಯಿತು. ಮುಗಿದಾಗ ಸೆನೆನ್ ಕೆನ್ನೆ ತುಂಬಿ, ತುಟಿ ಕೂಡಿ, ಮಲಗಿದವರಂತೆ ಕಾಣುತ್ತಿದ್ದರು.

ಟಾರ್ಸಿಲಾ ಬಗ್ಗಿ ನೋಡಿದರು. "ಇವರದ್ದು ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇತ್ತು," ಎಂದರು.

"ಇಟ್ಟಿದ್ದೆ ಅಮ್ಮಾ. ಹೊಸದರಲ್ಲಿ ಹಾಗೇ ಇಟ್ಟಿದ್ದೆ." ಹಲ್ಲಿಲ್ಲದ ಬಾಯಿಯಲ್ಲಿ ಮಾತು ತೊದಲುತ್ತಿತ್ತು.

"ಇರಲಿ. ಬಾಯಿ ಮುಚ್ಚಿದೆಯಲ್ಲ, ಕಾಣಲ್ಲ. ಜನರನ್ನ ಕರೀರಿ."

ಜನ ಬಂದರು, ನೋಡಿದರು, ಥೇಟ್ ಸೆನೆನ್ ಎಂದರು. ಮೇಸ್ತ್ರಿ ಕೈ ಅಂದರೆ ಕೈ ಎಂದರು. ಭಾವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗೋಡೆಗೊರಗಿ ನಿಂತಿದ್ದರು. ಮುಚ್ಚಳ ಹಾಕುವ ಮುಂಚೆ ಟಾರ್ಸಿಲಾ ಅವರತ್ತ ತಿರುಗಿ, ಹಲ್ಲು ವಾಪಸ್ ತೆಗೆದುಕೊಳ್ಳುತ್ತೀರಾ ಎಂಬಂತೆ ನೋಡಿದರು. ಭಾವ ಬೇಡವೆಂದು ತಲೆಯಾಡಿಸಿದರು.

ಮಣ್ಣು ಮುಗಿಸಿ ಬಂದಾಗ ಹಿತ್ತಲಲ್ಲಿ ಎಲ್ಲರಿಗೂ ಊಟ ಹಾಕುತ್ತಿದ್ದರು. ಹುರಿದ ಮೀನು, ಸುಟ್ಟ ಬಾಳೆಕಾಯಿ, ಸಾರು. ಭಾವ ತಟ್ಟೆ ಹಿಡಿದುಕೊಂಡು ಬಾಳೆಕಾಯಿಯ ಒಂದು ಚೂರನ್ನು ಬಾಯಿಗೆ ಹಾಕಿ, ಆ ಕಡೆ ಈ ಕಡೆ ಹೊರಳಿಸಿ, ಯಾರೂ ನೋಡದಂತೆ ತೆಗೆದು ಪಕ್ಕಕ್ಕಿಟ್ಟರು. ಟಾರ್ಸಿಲಾ ಎಲ್ಲಿಂದಲೋ ಬಂದು ಎದುರಿಗೆ ಕುಳಿತು ತಟ್ಟೆ ಎಳೆದುಕೊಂಡರು. ಮೀನಿನ ಮುಳ್ಳು ತೆಗೆದರು. ಬಾಳೆಕಾಯಿಗೆ ಸಾರು ಹಾಕಿ ಫೋರ್ಕಿನಿಂದ ಹಿಸುಕತೊಡಗಿದರು, ಗಂಟುಳಿಯದಂತೆ, ಅವಸರವಿಲ್ಲದೆ. ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿತ್ತು. ಅವರು ಅದನ್ನು ನೋಡುತ್ತಲೂ ಇರಲಿಲ್ಲ.

"ನಲವತ್ತು ದಿನ ಇವರಿಗೂ ಹೀಗೇ ಕೊಟ್ಟೆ," ಎಂದರು. "ಶನಿವಾರ ಬರ್ತಾರೆ, ಶನಿವಾರ ಬರ್ತಾರೆ ಅಂತ ಹೇಳ್ಕೊಂಡು."

ತಟ್ಟೆಯನ್ನು ಭಾವನ ಮುಂದೆ ತಳ್ಳಿದರು. "ತಿನ್ನಿ. ಬಿಸಿ ಇದೆ, ನಿಧಾನ."

ಭಾವ ತಿಂದರು. ಅವರು ಕೊನೆಯ ತುತ್ತು ನುಂಗುವವರೆಗೂ ಟಾರ್ಸಿಲಾ ಎದುರಿಗೇ ಕೂತಿದ್ದರು. ಆಮೇಲೆ ತಮ್ಮ ಕಪ್ಪು ಉಡುಪಿನ ಅಂಚನ್ನೇ ಎತ್ತಿ ಭಾವನ ಗಲ್ಲಕ್ಕೆ ಮೆತ್ತಿದ್ದನ್ನು ಒರೆಸಿದರು, ಒರೆಸುತ್ತಿದ್ದ ಕೈ ನಡುವೆಯೇ ನಿಂತಿತು, ಆಗ ಟಾರ್ಸಿಲಾ ಅತ್ತರು.