ಆರಡಿ ದೂರದ ದೆವ್ವಗಳು

ದೆವ್ವಗಳಿಗೂ ಮಾಸ್ಕ್ ಹಾಕಿಸಿದ ಕಾಲವದು. ಕೊರೊನಾದ ಎರಡನೇ ವರ್ಷ. ಬೆಂಗಳೂರಿನ ದಾರಿಯಲ್ಲಿರುವ ಒಂದು ಥೀಮ್ ಪಾರ್ಕಿನಲ್ಲಿ ಹ್ಯಾಲೊವೀನ್ ಎಂಬ ವಿದೇಶದ ದೆವ್ವದ ಹಬ್ಬ ಮಾಡುತ್ತಾರೆ, ಎಲ್ಲವೂ ಅಂತರ ಕಾಯ್ದುಕೊಂಡೇ ನಡೆಯುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಕೂಡಲೇ ಮೂರು ಟಿಕೆಟ್ ಬುಕ್ ಮಾಡಿದೆ. ನನಗೊಂದು, ಎಂಟು ವರ್ಷದ ನನ್ನ ಮಗಳಿಗೊಂದು, ಜಂಗಮಕೋಟೆಯಲ್ಲಿರುವ ನನ್ನ ಅಮ್ಮನಿಗೊಂದು.

ನನಗೇನೂ ದೆವ್ವದ ಹುಚ್ಚಿರಲಿಲ್ಲ. ಮಗಳು ಒಂದೂವರೆ ವರ್ಷದಿಂದ ಅಜ್ಜಿಯ ಮೈ ಮುಟ್ಟಿರಲಿಲ್ಲ, ಅದೇ ಚಿಂತೆ. ಮೊದಲ ಲಾಕ್‌ಡೌನಿನಲ್ಲಿ ಅಜ್ಜಿಯಿಂದ ದೂರವಿರು ಎಂದು ಕಟ್ಟುನಿಟ್ಟು ಮಾಡಿದವಳು ನಾನೇ. ಅಮ್ಮನಿಗೆ ಎರಡೂ ಲಸಿಕೆ ಆದ ಮೇಲೆ ನಾನು ನಿಯಮ ಸಡಿಲಿಸಿದೆ, ಮಗಳು ಸಡಿಲಿಸಲಿಲ್ಲ. ಚಿಕ್ಕಬಳ್ಳಾಪುರದಿಂದ ಪ್ರತಿ ಭಾನುವಾರ ಹೋದರೂ ಬಾಗಿಲಲ್ಲೇ ನಿಂತು ಮಂತ್ರಿಗಳ ಹಾಗೆ ಕೈ ಮುಗಿಯುತ್ತಿದ್ದಳು. "ನನ್ನ ಮೇಲೆ ಅದೇನ್ ಮುನಿಸೇ ಈ ಮಗೂಗೆ?" ಎಂದು ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಹೆದರಿದರೆ ಮಗು ಅಜ್ಜಿಯ ಸೆರಗು ಹಿಡಿದೇ ಹಿಡಿಯುತ್ತದೆ ಎಂಬುದು ನನ್ನ ಘನ ಯೋಜನೆ.

"ಹಿರಿಯರಿಗೆ ಎಡೆ ಇಟ್ಟು ತಿಂಗಳಾಗಿಲ್ಲ, ಇನ್ನ್ಯಾವ ದೆವ್ವ ನೋಡಣ ಅಂತೀಯೇ?" ಎಂದು ಗೊಣಗುತ್ತಲೇ ಅಮ್ಮ ರೇಷ್ಮೆ ಸೀರೆ ಉಟ್ಟು ಕಾರು ಹತ್ತಿದಳು. ಮಗಳು ಹಿಂದಿನ ಸೀಟಿನ ಮೂಲೆ ಹಿಡಿದಳು.

ನಮ್ಮ ಸರದಿ ಮಧ್ಯಾಹ್ನ ಮೂರಕ್ಕೆ. ಜನ ಗುಂಪುಗೂಡಬಾರದೆಂದು ದೆವ್ವಗಳೂ ಆಫೀಸಿನವರಂತೆ ಬೆಳಿಗ್ಗೆಯಿಂದಲೇ ಕೆಲಸಕ್ಕೆ ನಿಂತಿದ್ದವು. ದೆವ್ವದ ಮನೆಯ ಬಾಗಿಲಲ್ಲಿ ಔಷಧಿ ನೀರಿನಲ್ಲಿ ನೆನೆಸಿದ ಮ್ಯಾಟ್ ಹಾಸಿ, ಒಬ್ಬೊಬ್ಬರೇ ನಿಲ್ಲಲು ಒಳಗೂ ಹೊರಗೂ ಬಿಳಿ ವೃತ್ತಗಳನ್ನು ಬರೆದಿದ್ದರು. ಕಂಡಿದ್ದೇ ಅಮ್ಮನ ಮುಖ ಅರಳಿತು. ಅವಳು ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಹುಳುಮನೆಯ ಬಾಗಿಲಲ್ಲೂ ಹೀಗೇ ಬ್ಲೀಚಿಂಗ್ ಪೌಡರ್ ನೀರಿನ ಗೋಣಿಚೀಲ ಇರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಅದರ ಮೇಲೆ ಕಾಲೊತ್ತಿಯೇ ಒಳಗೆ ಹೋಗಬೇಕು, ಇಲ್ಲವಾದರೆ ಹುಳುಗಳಿಗೆ ರೋಗ ತಗಲುತ್ತದೆ. "ಪರವಾಗಿಲ್ವೇ, ತಿಳಿದೋರೇ ಮಾಡವ್ರೆ" ಎಂದು ಮೆಚ್ಚಿ, ಚಪ್ಪಲಿಗಳನ್ನು ಗೋಡೆ ಬದಿಗೆ ಜೋಡಿಸಿಟ್ಟು ಬರಿಗಾಲಲ್ಲಿ ನಡೆದೇಬಿಟ್ಟಳು. ಟಿಕೆಟ್ ತೋರಿಸುತ್ತಿದ್ದ ನಾನು ಗಮನಿಸಲಿಲ್ಲ.

ಒಳಗೆ ಮಬ್ಬುಗತ್ತಲೆ. ನೀಲಿ ಮಾಸ್ಕ್ ಹಾಕಿದ ಅಸ್ಥಿಪಂಜರವೊಂದು ಹಗ್ಗದಾಚೆಯಿಂದ ಹೂಂಕರಿಸಿತು. ಪ್ಲಾಸ್ಟಿಕ್ ಹಾಳೆಯ ಹಿಂದೆ ಕೂದಲು ಕೆದರಿಕೊಂಡು ಚೀರುತ್ತಿದ್ದ ಮೋಹಿನಿ ನಡುನಡುವೆ ಸ್ಯಾನಿಟೈಸರ್ ಹಚ್ಚಿಕೊಂಡಳು. ನನ್ನ ಮಗಳು ಹೆದರಲೇ ಇಲ್ಲ. ಅಜ್ಜಿಗಿಂತ ಎರಡು ವೃತ್ತ ಹಿಂದೆ ನಿಂತು, "ಅಂಕಲ್, ನಿಮ್ಮ ಮಾಸ್ಕ್ ಮೂಗಿನ ಕೆಳಗಿದೆ" ಎಂದು ಒಂದು ಪಿಶಾಚಿಯನ್ನು ತಿದ್ದಿದಳು. ಪಿಶಾಚಿ ಸಾರಿ ಕೇಳಿತು. ನನ್ನ ಯೋಜನೆ ಮಣ್ಣುಪಾಲಾಯಿತು.

ಮುಂದಿನ ತಿರುವಿನಲ್ಲಿ ನೆಲದ ಮೇಲೆ ಒದ್ದೆ ರಬ್ಬರಿನ ಕೈಗಳನ್ನು ಚೆಲ್ಲಿದ್ದರು. ಚಪ್ಪಲಿ ಹಾಕಿದವರಿಗೆ ಅದು ಆಟ. ಅಮ್ಮನ ಬರಿಪಾದ ಒಂದರ ಮೇಲೆ ಬಿತ್ತು. "ಅಯ್ಯಯ್ಯೋ, ಹಾವು!" ಎಂದು ಅವಳು ಕಿರುಚಿದ್ದಕ್ಕೆ ದೆವ್ವಗಳೇ ಬೆಚ್ಚಿಬಿದ್ದವು. ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದಳು. ಅಸ್ಥಿಪಂಜರ ಓಡಿಬಂದು, ನಿಯಮ ನೆನಪಾಗಿ ಹಗ್ಗದ ಬಳಿ ಗಕ್ಕನೆ ನಿಂತಿತು. "ಅದು ರಬ್ಬರ್ ಅಮ್ಮಾ! ನಾವು ಹತ್ರ ಬರಂಗಿಲ್ಲ!" ಎಂದು ಅಲ್ಲಿಂದಲೇ ಗೋಗರೆಯಿತು. ಮುಂದಿದ್ದ ನಾನು ಹಿಂತಿರುಗುವಷ್ಟರಲ್ಲಿ ಮಗಳು ತನ್ನ ವೃತ್ತ ಬಿಟ್ಟು ಓಡಿದ್ದಳು. ಎರಡೂ ಕೈಗಳಿಂದ ಅಜ್ಜಿಯ ಸೊಂಟ ತಬ್ಬಿ, "ಹಾವಲ್ಲ ಅಜ್ಜಿ, ನಾನಿದೀನಿ, ನಾನಿದೀನಿ" ಎನ್ನುತ್ತಿದ್ದಳು.

ಹೊರಗೆ ಬಂದ ಮೇಲೂ ಅಮ್ಮ ಮೊಮ್ಮಗಳ ಕೈ ಬಿಡಲಿಲ್ಲ. "ಏನ್ ಹೆದರಿಸ್ಬಿಟ್ರು ಕಣೇ" ಎಂದು ಇನ್ನೆರಡು ಸಲ ಸುಳ್ಳುಸುಳ್ಳೇ ನಡುಗಿ ತೋರಿಸಿದಳು. ಹಿಪ್ಪುನೇರಳೆ ತೋಟದಲ್ಲಿ ನಾಗರಹಾವನ್ನೇ ಕೋಲಿನಲ್ಲಿ ಅಟ್ಟಿದ ಹೆಂಗಸು! ನಾನೂ ಅವಳ ಜೊತೆ ಸೇರಿ ದೆವ್ವಗಳನ್ನು ಬೈದೆ.

ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಚಪ್ಪಲಿ ತರಲು ಹೊರಟೆ. ಮಗಳು ಹಿಂದೆಯೇ ಓಡಿಬಂದಳು. ಅಷ್ಟು ಹೊತ್ತು ನಗುತ್ತಿದ್ದವಳ ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ, ನಾನು ಅಜ್ಜೀನ ಮುಟ್ಟಿಬಿಟ್ಟೆ. ಅಜ್ಜಿ ಸಾಯಲ್ಲ ಅಲ್ವಾ?"

ನಾವು ಇಷ್ಟು ದಿನ ಮುನಿಸು, ಹಟ ಎಂದೆಲ್ಲ ಹೆಸರಿಟ್ಟಿದ್ದು ಇದಕ್ಕೆ. ಮುಟ್ಟಿದರೆ ಅಜ್ಜಿ ಸತ್ತೇಹೋಗುತ್ತಾಳೆ ಎಂದು ಯಾವತ್ತೋ ಸಿಟ್ಟಿನಲ್ಲಿ ಗದರಿ, ನಾನು ಮರೆತೂ ಬಿಟ್ಟಿದ್ದೆ. ಒಂದೂವರೆ ವರ್ಷ ಆ ಮಗು ಅಜ್ಜಿಯನ್ನು ತನ್ನಿಂದಲೇ ಕಾಪಾಡುತ್ತಿತ್ತು. ನನ್ನ ನಾಲಿಗೆಯ ಬಗ್ಗೆ ನನಗೇ ಹೇಸಿಗೆಯಾಯಿತು. ಅವಳ ಎದುರು ಮಂಡಿಯೂರಿ ಕೂತೆ.

"ಇಲ್ಲ ಕಣಮ್ಮ. ಏನೂ ಆಗಲ್ಲ. ನಾನು ಅವತ್ತು ತಪ್ಪು ಹೇಳಿದ್ದೆ."

ಅವಳು ನನ್ನ ಮುಖವನ್ನೇ ನೋಡಿದಳು, ನಿಜವೋ ಸುಳ್ಳೋ ಎಂಬಂತೆ.

"ಹಂಗಾದ್ರೆ ಇನ್ನೊಂದ್ಸಲ ಮುಟ್ಲಾ?"

ಬೆಂಚಿನ ಕಡೆ ಕೈ ತೋರಿಸಿದೆ.