ಚೀಟಿ ಕಟ್ಟಿದ ಗಿಡಗಳು

ದ್ವೀಪದವರ ಬಾಯಲ್ಲಿ ಅವಳು ಗಿಡದಕ್ಕ. ಬೇರೆಲ್ಲೂ ಬೆಳೆಯದ ಒಂದು ಬೂದುಬಣ್ಣದ ಪೊದೆಗಿಡ ಆ ದ್ವೀಪದಲ್ಲಿದೆ. ವರ್ಷಕ್ಕೊಮ್ಮೆ ಆರು ಗುಡ್ಡ ಹತ್ತಿ ಅದನ್ನು ಎಣಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಎಣಿಸುವುದೆಂದರೆ ದೂರ ನಿಂತು ಬೆರಳು ಮಡಚುವುದಲ್ಲ ಮತ್ತೆ! ಪ್ರತಿ ಗಿಡದ ಮುಂದೆ ಮಂಡಿಯೂರಿ, ಸಲಾಕೆಯಿಂದ ಬುಡದ ಮಣ್ಣು ಬಿಡಿಸಿ, ಕಾಂಡದ ದಪ್ಪ ಅಳೆದು, ನಂಬರಿನ ತಗಡುಚೀಟಿ ಕಟ್ಟಿ, ಮಣ್ಣು ಮುಚ್ಚಬೇಕು. ಮಗಳು ಹುಟ್ಟಿದ ತಾರೀಖನ್ನಾದರೂ ಮರೆತಾಳು, ಗಿಡದ ನಂಬರು ಮರೆಯುವವಳಲ್ಲ.

ಈ ಸಲ ಮೊದಲ ಗುಡ್ಡದಲ್ಲೇ ಅವಳ ಎದೆ ಧಸಕ್ಕೆಂದಿತು. ಮುಟ್ಟಿದ ಗಿಡ ಬುಡಸಮೇತ ಕೈಗೆ ಬಂತು. ಬೇರು ಕಪ್ಪಗೆ ಕೊಳೆತಿತ್ತು. ಅವತ್ತು ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಂಗಸರೂ ಜೊತೆಗಿದ್ದರು. ಅವರಿಗೆ ಕೆಲಸ ಕಲಿಸುತ್ತಲೇ ಇನ್ನೂರ ಹತ್ತರಲ್ಲಿ ನೂರ ಎಂಬತ್ತು ಸತ್ತಿವೆ ಎಂದು ಬರೆದುಕೊಂಡಳು.

ಮರುದಿನ ಎರಡನೆಯ ಗುಡ್ಡದಲ್ಲೂ ಅದೇ ಗೋಳು. ದೋಣಿ ನಡೆಸುವ ಅವಳ ತಮ್ಮ ಕೆಳಗಿನ ದಡದಿಂದ ಕತ್ತೆತ್ತಿ ನೋಡಿದ. ಕಾಲಿಡಲಾಗದ ಕಡಿದಾದ ಬಂಡೆಯಂಚಿನಲ್ಲಿ ಹನ್ನೆರಡು ಗಿಡ ಸೊಂಪಾಗಿದ್ದವು.

"ಅಕ್ಕಾ, ನೀನು ಚೀಟಿ ಕಟ್ಟಿದ್ದೆಲ್ಲ ಒಣಗಿದೆ, ಕಟ್ಟದೇ ಇರೋದು ಹಸಿರಾಗಿದೆ. ನಿನ್ನ ದೃಷ್ಟಿನೇ ತಾಗಿತೇನೋ!" ಎಂದು ನಕ್ಕ.

ಅವಳಿಗೆ ನಗು ಬರಲಿಲ್ಲ. ಬೂಟಿನ ಅಡಿ ನೋಡಿಕೊಂಡಳು, ಸಲಾಕೆ ನೋಡಿದಳು. ಎರಡಕ್ಕೂ ನಿನ್ನೆಯ ಗುಡ್ಡದ ಮಣ್ಣು ಮೆತ್ತಿತ್ತು. ಇಷ್ಟು ವರ್ಷವೂ ಸಲಾಕೆಯನ್ನು ಹುಲ್ಲಿಗೆ ಒರೆಸಿಕೊಂಡು ಗುಡ್ಡದಿಂದ ಗುಡ್ಡಕ್ಕೆ ನಡೆದಿದ್ದಳಲ್ಲ! ಒಂದು ಗುಡ್ಡದ ಕೊಳೆರೋಗವನ್ನು ಒಂದು ಬೇರನ್ನೂ ಬಿಡದಂತೆ ಹಂಚಿಕೊಂಡು ಬಂದವಳು ತಾನೇ. ಸಲಾಕೆಯನ್ನು ಅಲ್ಲೇ ಎಸೆದಳು.

ಇನ್ನು ಅವಳ ಸಲಾಕೆ ತಾಗದೆ ಉಳಿದಿದ್ದು ಏಳನೆಯ ಗುಡ್ಡವೊಂದೇ. ದಡದಾಚೆ ನೀರಿನ ನಡುವೆ ಇರುವ ಅದರ ಮೇಲೆ ಗಿಡಗಳಿವೆ ಎಂದು ತಿಳಿದದ್ದೇ ಈ ವರ್ಷ. ಅದನ್ನು ಇನ್ನೂ ಯಾರೂ ಹತ್ತಿರಲಿಲ್ಲ. ಅವಳು ತಡಬಡಿಸಿ, ಎಣಿಕೆಗೆ ಜನರನ್ನು ಕಳಿಸುವ ಇಲಾಖೆಯ ಸಾಹೇಬರಿಗೆ ಫೋನು ಮಾಡಿದಳು.

"ಸಾರ್, ರೋಗ ಹರಡಿದ್ದು ನಾನೇ. ನನ್ನ ಬೂಟಿನ ಮಣ್ಣು, ನನ್ನ ಸಲಾಕೆ. ಏಳನೇ ಗುಡ್ಡಕ್ಕೆ ದಯವಿಟ್ಟು ಯಾರನ್ನೂ ಕಳಿಸಬೇಡಿ."

"ಏನಮ್ಮಾ ಹೀಗಂತೀರಿ! ನಿಮಗೆ ಹೊರೆಯಾಗದೆ ಇರಲಿ ಅಂತ ಹೊಸಬರಿಬ್ಬರನ್ನ ಬೆಳಗ್ಗೆನೇ ಅಲ್ಲಿಗೆ ಕಳಿಸಿಬಿಟ್ಟೆನಲ್ಲ?"

ನಿನ್ನೆಯಿಡೀ ಆ ಸತ್ತ ಗಿಡಗಳ ನಡುವೆ ಮಂಡಿಯೂರಿದ್ದವರು ಅವರು. ಅವಳು ಓಡಿ ಬಂದು ದೋಣಿ ಹತ್ತಿದಳು. "ಬೇಗ ಹೊರಡೋ, ನಿನ್ನ ದಮ್ಮಯ್ಯ!" ಎಂದಳು. ತಮ್ಮ ಎಂಜಿನ್ ಚಾಲೂ ಮಾಡಿದ.

ಗುಡ್ಡ ಹತ್ತಿರವಾದಾಗ ಹಸಿರಿನ ನಡುವೆ ಬಗ್ಗಿದ ಎರಡು ಬೆನ್ನುಗಳು ಕಂಡವು. ಅವಳು ಎದ್ದು ನಿಂತು, "ಮುಟ್ಟಬೇಡಿ! ಇಳಿದು ಬನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಎದುರುಗಾಳಿಗೆ ಅದು ಅವರಿಗೆ ಮುಟ್ಟಲಿಲ್ಲ. ಒಬ್ಬಳು ತಲೆಯೆತ್ತಿ, ಖುಷಿಯಿಂದ ಕೈ ಬೀಸಿದಳು.

"ಬನ್ನಿ ಅಕ್ಕಾ! ಮುಗೀತಾ ಬಂತು. ನೀವು ಹೇಳಿಕೊಟ್ಟ ಹಾಗೇ ಮಾಡಿದ್ದೀವಿ, ಒಂದನ್ನೂ ಬಿಟ್ಟಿಲ್ಲ!"