ಚಂದ್ರಲೋಕದ ಬುತ್ತಿ

ನಮ್ಮಪ್ಪ ಮಂಗಳಗ್ರಹದ ರಾಕ್ಷಸರ ಕತೆ ಓದಬೇಕಾದರೂ ಸ್ನಾನ ಮಾಡಿ, ಹಣೆತುಂಬ ವಿಭೂತಿ ಎಳೆದುಕೊಂಡೇ ಕೂರುತ್ತಿದ್ದರು. ಪುಸ್ತಕ ಎಂದರೆ ಪುಸ್ತಕ. ಒಳಗೆ ಶಿವನಿರಲಿ, ಆರು ಕಣ್ಣಿನ ಪ್ರಾಣಿಯಿರಲಿ, ಕಣ್ಣಿಗೊತ್ತಿಕೊಂಡೇ ಬಿಡಿಸಬೇಕು. ಓದಿ ಮುಗಿದ ಮೇಲೆ ಅದನ್ನೂ ಪುರಾಣದ ಹೊತ್ತಿಗೆಗಳ ಜೊತೆಗೇ ಹಳದಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು.

ಬೇಗೂರಿನಲ್ಲಿ ನಮಗೆ ಜೋಳ, ಹುರುಳಿ ಬೆಳೆಯುವ ಹೊಲವಿತ್ತು. ಅಪ್ಪ ಚಾಮರಾಜನಗರದ ಸಂತೆಗೆ ಹೋಗಿ ಸಂಜೆ ಬಸ್ಸಿಳಿದು ಬಂದರೆ, ಅವ್ವ ಮೊದಲು ಚೀಲದ ತಳ ಮುಟ್ಟಿ ನೋಡುತ್ತಿದ್ದಳು.

"ಬೆಲ್ಲ ತನ್ನಿ ಅಂತ ಕಳ್ಸುದ್ರೆ ಚಂದ್ರಲೋಕ ತಂದವ್ರೆ ನಿಮ್ಮಪ್ಪ. ಇದ್ನೇ ಪಾಯಸಕ್ಕೆ ಆಕ್ಲಾ?"

ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಓದುತ್ತ ಓದುತ್ತ ಒಬ್ಬರೇ ನಗುವುದು, "ಅಯ್ಯೋ, ಆ ಬಾಗ್ಲು ತೆಗೀಬ್ಯಾಡ ಕಣ್ಲಾ!" ಎಂದು ಪುಟಕ್ಕೇ ಬುದ್ಧಿ ಹೇಳುವುದು ನಮಗೆಲ್ಲ ಮಾಮೂಲಾಗಿತ್ತು.

ಇಂಥವರು ಊರ ಮಠದಲ್ಲಿ ಶ್ರಾವಣದ ಪುರಾಣಕ್ಕೆ ಅರ್ಥ ಹೇಳುವವರು. ಇನ್ನೊಬ್ಬರು ಪದ್ಯ ಓದಬೇಕು, ಅಪ್ಪ ಅದನ್ನು ಬಿಡಿಸಿ ಹೇಳಬೇಕು. ಅರ್ಥ ಹೇಳುವವರು ಕೂರುವ ಆ ಮಣೆ ನಮ್ಮ ತಾತನಿಂದ ಅವರಿಗೆ ಬಂದದ್ದು. ಮನೆಯಲ್ಲಿ ಮಾತೇ ಕಡಿಮೆಯಿದ್ದ ಮನುಷ್ಯ ಮಣೆ ಹತ್ತಿದರೆ ಬೇರೆಯೇ ಆಗಿಬಿಡುತ್ತಿದ್ದರು. ವರ್ಷವೆಲ್ಲ ಅದಕ್ಕೇ ಕಾಯುತ್ತಿದ್ದರು.

ಐವತ್ತರ ದಶಕದ ಮೊದಲಲ್ಲೊಂದು ಶ್ರಾವಣ. ಶರಣರು ವಿಮಾನವೇರಿ ಕೈಲಾಸಕ್ಕೆ ಹೊರಟ ಪ್ರಸಂಗ. "ಅಷ್ಟೆತ್ರದಲ್ಲಿ ಉಸ್ರು ಕಟ್ಟಲ್ವಾ ಗುರುಮಲ್ಲಪ್ನೋರೆ?" ಎಂದು ಯಾರೋ ಕೇಳಿದರು. ಅಪ್ಪನಿಗೆ ಅಷ್ಟೇ ಸಾಕಾಯಿತು. ಕಬ್ಬಿಣದ ಹಂಡೆಯಂಥ ಹಡಗು, ಗಾಳಿ ತುಂಬಿಟ್ಟ ಪೀಪಾಯಿ, ತೂಕವಿಲ್ಲದೆ ತೇಲುವ ಚೊಂಬು, ಎಲ್ಲ ಬಂದವು. ನೋಡನೋಡುತ್ತ ಕತೆ ಕೈಲಾಸದ ದಾರಿ ಬಿಟ್ಟು ಚಂದ್ರಲೋಕದ ಕಡೆ ತಿರುಗಿತು. ಮಾರನೆಯ ಸಂಜೆ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಗಳದಿಂದ ಬಂದಿದ್ದ ನೆಂಟರು ಊರಿಗೆ ಹೋಗುವುದನ್ನೇ ಮುಂದಕ್ಕೆ ಹಾಕಿದ್ದರು. "ನಾಳಿಕೆ ಹಡಗು ಹೊರಡ್ತದೆ" ಎಂದು ಅಪ್ಪ ಅವತ್ತಿಗೆ ನಿಲ್ಲಿಸಿದರು.

ನಮ್ಮ ಕಡೆ ಪುರಾಣದಲ್ಲಿ ಮದುವೆ ಬಂದರೆ ಕೇಳುವವರು ಅಕ್ಷತೆ ತರುತ್ತಾರೆ, ಮಗು ಹುಟ್ಟಿದರೆ ತೊಟ್ಟಿಲು ಕಟ್ಟುತ್ತಾರೆ. ಹಾಗಾಗಿ ಮಾರನೆಯ ಸಂಜೆ ಹೆಂಗಸರೆಲ್ಲ ಪ್ರಯಾಣದವರಿಗೆ ಬುತ್ತಿ ಕಟ್ಟಿಕೊಂಡು ಬಂದರು! ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ. ನಮ್ಮ ಬೀದಿಯ ಮುದುಕಿ ದೇವಮ್ಮಣ್ಣಿಯಂತೂ ಒಂದು ಕಂಬಳಿ ತಂದು ಮಣೆಯ ಮುಂದಿಟ್ಟಳು.

"ಅಲ್ಲಿ ಸಳಿ ಅಂದ್ರಲ್ಲ ಸಾಮಿ. ಒದ್ಕಳ್ಲಿ, ಪಾಪ."

ಜನ ಇದನ್ನೂ ಪುರಾಣವೆಂದೇ ನಂಬಿದ್ದಾರೆಂದು ಅಪ್ಪನಿಗೆ ಆಗ ಹೊಳೆಯಿತು. ಆದರೂ ಹಡಗು ನಿಲ್ಲಿಸಲಿಲ್ಲ. ಅದು ಭೂಮಿ ಬಿಟ್ಟು ಮೇಲೇರಿತು, ಬುತ್ತಿ ಪ್ರಸಾದವಾಗಿ ಹಂಚಿಹೋಯಿತು.

ಬುತ್ತಿಯ ಸುದ್ದಿ ಮಠದ ಅಯ್ನೋರ ಕಿವಿಗೆ ಬಿತ್ತು. ಮರುದಿನ ಜನರೆಲ್ಲ ಕೂತ ಮೇಲೆ ಅವರು ಕೇಳಿದರು: "ಇದು ಪುರಾಣದ ಯಾವ ಸಂಧೀಲದೆ, ಗುರುಮಲ್ಲಪ್ಪ?"

"ಯಾವ ಸಂಧೀಲೂ ಇಲ್ಲ ಬುದ್ದಿ. ಸಂತೇಲಿ ತಂದ ಪುಸ್ತಕದ್ದು."

"ಅಂಥ ಪುಸ್ತಕ ಇನ್ನು ಮುಟ್ಟಲ್ಲ ಅಂತ ಗದ್ದುಗೆ ಮುಟ್ಟಿ ಹೇಳು. ಮಣೆ ನಿಂದೇ."

ಹೇಳಿಬಿಡಲಿ ಶಿವನೇ ಎಂದು ನಾನು ಕೈ ಹಿಸುಕಿಕೊಳ್ಳುತ್ತಿದ್ದೆ. ಅಪ್ಪ ಗದ್ದುಗೆಯನ್ನು ನೋಡಿದರು, ಮಣೆಯನ್ನು ನೋಡಿದರು.

"ಸುಳ್ಳಾಯ್ತದೆ ಬುದ್ದಿ. ನಾಳಿಕೇ ಓದ್ತೀನಿ" ಎಂದು ಕೈಮುಗಿದು ಇಳಿದುಬಿಟ್ಟರು.

ಆಮೇಲೆ ಅರ್ಥ ಹೇಳಲು ಬೇರೆಯವರು ಬಂದರು. ಅಪ್ಪ ಪ್ರತಿ ಶ್ರಾವಣವೂ ತಪ್ಪದೆ ಹೋಗಿ, ಹಿಂದೆ ಕಂಬಕ್ಕೊರಗಿ ಕೂತು ಕೇಳಿಕೊಂಡು ಬರುತ್ತಿದ್ದರು. ಮನೆಯಲ್ಲಿ ಓದುವುದು ನಿಲ್ಲಲಿಲ್ಲ. ಹೇಳುವುದು ಮಾತ್ರ ನಿಂತೇಹೋಯಿತು. ದೇವಮ್ಮಣ್ಣಿ ದಾರಿಯಲ್ಲಿ ಅಡ್ಡ ನಿಂತು, "ಅವ್ರು ತಲುಪುದ್ರಾ ಸಾಮಿ? ಅಷ್ಟಾರ ಯೇಳ್ಬುಟ್ಟು ಓಗಿ" ಎಂದು ಗೋಗರೆದರೂ ಅಷ್ಟೇ. "ಮಣೆ ಮ್ಯಾಲೆ ಸುರು ಮಾಡಿದ್ನ ಬೀದೀಲಿ ಮುಗಿಸ್ಬಾರ್ದು ಕಣವ್ವ" ಎನ್ನುತ್ತಿದ್ದರು. ಇದೆಂಥ ಹಟವೋ, ನನಗಂತೂ ಸಿಟ್ಟೇ ಬರುತ್ತಿತ್ತು. ದೇವಮ್ಮಣ್ಣಿ ತಿಳಿಯದೆಯೇ ತೀರಿಕೊಂಡಳು.

ದಶಕ ಮುಗಿಯುವ ಹೊತ್ತಿಗೆ ಅಪ್ಪ ಚಾಮರಾಜನಗರದ ಆಸ್ಪತ್ರೆ ಸೇರಿದರು. ಗುಂಡ್ಲುಪೇಟೆಯ ಗಂಡನ ಮನೆಯಿಂದ ಬಂದು ನಾನು ನೋಡಿಕೊಳ್ಳುತ್ತಿದ್ದೆ. ಅವರ ಕಣ್ಣು ಮಂಜಾಗಿತ್ತು. ಒಂದು ಮಧ್ಯಾಹ್ನ, ಸಮುದ್ರದ ತಳದಲ್ಲಿ ಊರು ಕಟ್ಟಿದವರ ಕತೆಯನ್ನು ಅವರಿಗೆ ಮೆಲ್ಲಗೆ ಓದಿ ಹೇಳುತ್ತಿದ್ದೆ. ಪಕ್ಕದ ಮಂಚದಲ್ಲಿದ್ದ ಚಂದಕವಾಡಿಯ ರೈತ, "ವಸಿ ಜೋರಾಗಿ ಓದವ್ವ, ನಂಗೂ ಹೊತ್ತು ಓಗ್ಲಿ" ಎಂದ.

ಅಪ್ಪ ಕೈಯೆತ್ತಿ ನನ್ನನ್ನು ತಡೆದರು. "ನೀ ನಿಲ್ಸಮ್ಮಿ. ಪರೀಕ್ಸೆಗೆ ಬಾಯ್ಪಾಠ ಮಾಡ್ದಂಗೆ ಓದ್ತಿದ್ದೀಯೆ." ದಿಂಬಿಗೊರಗಿ ಎದ್ದು ಕೂತು, ಆ ರೈತನ ಕಡೆ ತಿರುಗಿ, ಚಂದ್ರಲೋಕದ ಹಡಗಿನ ಕತೆಯನ್ನು ಮೊದಲಿಂದ ಶುರು ಮಾಡಿದರು. ಅದೇ ಮಠದ ಗಂಟಲು. ಆಚೆಯ ಮಂಚದವರೂ ಇತ್ತ ಹೊರಳಿದರು. ನನಗೆ ಸಂತೋಷಕ್ಕೆ ಅಳು ಬಂದು, ಅಡುಗೆಯ ನೆಪ ಹೇಳಿ ಊರೊಳಗಿನ ನೆಂಟರ ಮನೆಗೆ ಎದ್ದು ಹೋದೆ.

ಬೆಳಿಗ್ಗೆ ಗಂಜಿ ತಂದಾಗ ಅಪ್ಪನ ಮಂಚದ ಹಾಸಿಗೆ ಸುತ್ತಿಟ್ಟಿದ್ದರು. ಪಕ್ಕದ ಮಂಚದವನು ನನ್ನನ್ನು ಕಂಡು ಎದ್ದು ಕೂತ.

"ಚಂದ್ರನ ಮ್ಯಾಲೆ ಇಳಿಸ್ಬುಟ್ಟೇ ಮಲಗುದ್ರು ಕಣವ್ವ" ಎಂದ. "ವಾಪಸ್ ಬರಾದ್ನ ಬೆಳಿಗ್ಗೆ ಯೇಳ್ತೀನಿ ಅಂದಿದ್ರು."